ಸಂಗೀತದ ಗಂಟೆಯನ್ನು ಶಿಕ್ಷೆಯ ಪಟ್ಟಿಯಿಂದ ಹೊರಗಿಡಿ

ಮಾನ್ಯ ಸಂಪಾದಕರೇ,

ಕಟ್ಟುನಿಟ್ಟಿನ ಸುಧಾರಣಾ ಶಾಲೆಗೆ ಸಂಗೀತದ ಮೇಷ್ಟ್ರೊಬ್ಬರು ಬರುತ್ತಾರೆ. ಯಾರ ಮಾತಿಗೂ ಬಗ್ಗದ ಹುಡುಗರು ಕೆಲವೇ ತಿಂಗಳಲ್ಲಿ ಸಾಲಾಗಿ ನಿಂತು ಹಾಡುತ್ತಾರೆ. ಇಂಥ ಸುದ್ದಿ ಓದುಗರಿಗೆ ಇಷ್ಟ, ನಮಗೂ ಇಷ್ಟ. ಆದರೆ ಆ ತಿಂಗಳುಗಳಲ್ಲಿ ತರಗತಿಯೊಳಗೆ ಏನು ನಡೆಯಿತು ಎಂಬುದು ಸುದ್ದಿಯಲ್ಲಿ ಇರುವುದಿಲ್ಲ. ಅದನ್ನು ಓದಿದ ಸಂಸ್ಥೆಯವರು ಒಳ್ಳೆಯ ಮನಸ್ಸಿನ ಗಾಯಕರೊಬ್ಬರನ್ನು ಹುಡುಕಿ, ಒಂದು ಹಾರ್ಮೋನಿಯಂ ಕೊಡಿಸಿ, ಇನ್ನು ಹುಡುಗರು ತಾವಾಗಿಯೇ ದಾರಿಗೆ ಬರುತ್ತಾರೆಂದು ಕಾಯುತ್ತಾರೆ. ಕೆಲವು ವಾರಗಳಲ್ಲೇ ತರಗತಿ ನಿಂತುಹೋಗುತ್ತದೆ, ತಪ್ಪು ಹುಡುಗರ ತಲೆಗೆ ಬರುತ್ತದೆ. ಇಂಥ ಶಾಲೆಗಳಲ್ಲಿ ಸಮೂಹಗಾಯನ, ತಾಳವಾದ್ಯ ಕಲಿಸುವ ನಾವು ಈ ಪತ್ರದಲ್ಲಿ ಕೇಳಿಕೊಳ್ಳುವುದು ಮುಖ್ಯವಾಗಿ ಒಂದೇ ಮಾತು. ಊಟದ ಗಂಟೆಯನ್ನು ಹುಡುಗನ ನಡತೆ ನೋಡಿ ಕೊಡುವುದೋ ಕಸಿಯುವುದೋ ಮಾಡುವುದಿಲ್ಲ. ಸಂಗೀತದ ಗಂಟೆಗೂ ಅದೇ ನಿಯಮ ಇರಲಿ.

ಅದನ್ನು ವಿವರಿಸುವ ಮುನ್ನ, ತರಗತಿ ನಿಂತುಹೋಗದಂತೆ ನಡೆಸುವುದು ಹೇಗೆಂದು ಸಂಸ್ಥೆಯವರಿಗೂ ಹೊಸ ಶಿಕ್ಷಕರಿಗೂ ಹೇಳುತ್ತೇವೆ. ಮೊದಲು ಜಾಗದ ವಿಷಯ. ಇಂಥ ಕಟ್ಟಡಗಳಲ್ಲಿ ದೊಡ್ಡ ಕೋಣೆ ಎಂದರೆ ಊಟದ ಹಾಲ್. ಬರಿಗೋಡೆ, ಕಲ್ಲಿನ ನೆಲ, ಎತ್ತರದ ಸೂರು. ಅಲ್ಲಿ ಹದಿನೈದು ಜನ ಬಾಯಿ ತೆರೆದರೆ ಒಂದು ಸ್ವರ ಅಡಗುವ ಮೊದಲೇ ಇನ್ನೊಂದು ಬಂದು ಅದರ ಮೇಲೆ ಬೀಳುತ್ತದೆ. ತನ್ನ ದನಿ ತನಗೇ ಕೇಳಿಸದ ಹುಡುಗ ಕಿರುಚುತ್ತಾನೆ, ಪಕ್ಕದವನು ಅವನಿಗಿಂತ ಜೋರಾಗಿ ಕಿರುಚುತ್ತಾನೆ, ಹೊರಗೆ ನಿಂತ ಕಾವಲಿನವರಿಗೆ ಅದು ಗಲಾಟೆಯಂತೆ ಕೇಳುತ್ತದೆ. ಚಿಕ್ಕ ಕೋಣೆ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಎರಡು ಗೋಡೆಗಳಿಗೆ ದಪ್ಪ ಕಂಬಳಿ ತೂಗುಹಾಕಿ, ಮೂಲೆಯಲ್ಲಿ ಹಾಸಿಗೆಗಳನ್ನು ನಿಲ್ಲಿಸಿ. ವ್ಯತ್ಯಾಸ ಆ ದಿನವೇ ಗೊತ್ತಾಗುತ್ತದೆ. ಸಾಲಿನಲ್ಲಿ ನಿಲ್ಲಿಸಬೇಡಿ, ಅರ್ಧವೃತ್ತದಲ್ಲಿ ಕೂರಿಸಿ. ಎಲ್ಲರ ಬೆನ್ನೂ ಗೋಡೆಯ ಕಡೆಗೆ ಇರಲಿ, ಎಲ್ಲರಿಗೂ ಬಾಗಿಲು ಕಾಣುತ್ತಿರಲಿ. ಏಟು ತಿಂದು ಬೆಳೆದ ಹುಡುಗನ ಬೆನ್ನ ಹಿಂದೆ ಯಾರಾದರೂ ಓಡಾಡುತ್ತಿದ್ದರೆ ಅವನ ಉಸಿರು ಎದೆಯಿಂದ ಕೆಳಗೆ ಇಳಿಯುವುದೇ ಇಲ್ಲ, ಮತ್ತೆ ಹಾಡುವುದೆಲ್ಲಿ? ಭುಜ ಸರಿಮಾಡಲಿಕ್ಕೋ ಹೊಟ್ಟೆಯ ಉಸಿರು ತೋರಿಸಲಿಕ್ಕೋ ಕೇಳದೆ ಅವನ ಮೈಮುಟ್ಟಬಾರದು. ನಿಮ್ಮ ಮೈಮೇಲೆ ತೋರಿಸಿದರೆ ಸಾಕು. ಸಿಬ್ಬಂದಿ ಇರಲೇಬೇಕೆಂಬ ನಿಯಮವಿದ್ದರೆ ಅವರೂ ವೃತ್ತದಲ್ಲೇ ಕೂತು ತಾಳ ಹಾಕಲಿ.

ಗುಂಪಿನಲ್ಲಿ 12ರಿಂದ 16 ಹುಡುಗರು ಇರಲಿ. 20 ದಾಟಿದರೆ ಇನ್ನೊಬ್ಬ ಶಿಕ್ಷಕರು ಬೇಕು. ವಾರಕ್ಕೆ ಮೂರು ದಿನ, 40 ನಿಮಿಷ, ಅದೇ ದಿನ, ಅದೇ ಹೊತ್ತು. ಆಟದ ಹೊತ್ತನ್ನು ಕತ್ತರಿಸಿ ಸಂಗೀತ ತುರುಕಿದರೆ ಹುಡುಗರು ಸಂಗೀತವನ್ನೇ ದ್ವೇಷಿಸುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಮನೆಯವರು ಭೇಟಿಗೆ ಬರುವ ಹೊತ್ತಿಗೂ ಇದು ಅಡ್ಡ ಬರಬಾರದು.

ಮೊದಲ ವಾರ ಹಾಡೇ ಬೇಡ. ಹೊಸ ಶಿಕ್ಷಕರಿಗೆ ಇದನ್ನು ಒಪ್ಪಿಸುವುದು ಬಲು ಕಷ್ಟ. ದನಿ ಎಂದರೆ ಮೈಯಷ್ಟೇ ಖಾಸಗಿ, ಅದನ್ನು ಹತ್ತು ಜನರ ಮುಂದೆ ತೆರೆದಿಡಲು ಈ ಹುಡುಗರು ಸಿದ್ಧರಿರುವುದಿಲ್ಲ. ಒಬ್ಬ ನಕ್ಕರೆ ಆ ತಿಂಗಳು ಮುಗಿಯಿತು. ಕೈಯಿಂದ ಶುರುಮಾಡಿ. ಎಂಟರವರೆಗೆ ಎಣಿಕೆ, ಒಂದಕ್ಕೆ ಚಪ್ಪಾಳೆ, ಐದಕ್ಕೆ ಎಲ್ಲರೂ ಮೌನ, ಉಳಿದವುಗಳಿಗೆ ತೊಡೆ ತಟ್ಟುವುದು. ಎರಡು ಮೂರು ಸುತ್ತು ಸರಿಯಾಗುತ್ತದೆ, ನಾಲ್ಕನೆಯ ಸುತ್ತಿನಲ್ಲಿ ಯಾರೋ ಒಬ್ಬ ಐದಕ್ಕೂ ತಟ್ಟಿಬಿಡುತ್ತಾನೆ. ಹಾಗೆ ತಪ್ಪಿದವನೇ ಮುಂದಿನ ಸುತ್ತಿಗೆ ಎಣಿಕೆ ಹಿಡಿಯಬೇಕು ಎಂಬ ನಿಯಮ ಮಾಡಿ. ತಪ್ಪಿದ ಕೂಡಲೇ ಏಟೋ ಬೈಗುಳವೋ ಬರುತ್ತದೆಂದು ತಲೆ ತಗ್ಗಿಸುವ ಹುಡುಗನಿಗೆ ಇಲ್ಲಿ ತಪ್ಪಿದರೆ ಕೆಲಸ ಸಿಗುತ್ತದೆ. ಈ ಒಂದು ಆಟವನ್ನು ನಾಲ್ಕಾರು ತರಗತಿ ಆಡಿಸಿದರೂ ನಷ್ಟವಿಲ್ಲ. ಆಮೇಲೆ ಐದರ ಜೊತೆಗೆ ಏಳನ್ನೂ ಖಾಲಿ ಬಿಡಿ, ಆಮೇಲೆ ಎಣಿಕೆಯನ್ನು ಬಾಯಿಂದ ತೆಗೆದು ಮನಸ್ಸಿಗೆ ಹಾಕಿ. ಹದಿನಾಲ್ಕು ಹುಡುಗರು ಒಟ್ಟಿಗೆ ಸುಮ್ಮನಿರುವ ಆ ಒಂದು ಎಣಿಕೆಯ ಮೌನವನ್ನು ಅವರೇ ಗಮನಿಸತೊಡಗುತ್ತಾರೆ.

ಹಾಡಿಗೆ ಬಂದಾಗ ಎದುರಾಗುವುದು ಒಡೆಯುವ ದನಿ. ಸಾಮಾನ್ಯವಾಗಿ 12ರಿಂದ 15 ವರ್ಷದ ನಡುವೆ ಹುಡುಗರ ಗಂಟಲಗೂಡು ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಸುಮಾರು ಒಂದು ಸ್ಥಾಯಿಯಷ್ಟು, ಎಂದರೆ ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನಷ್ಟು, ಕೆಳಗಿಳಿಯುತ್ತದೆ. ಇಳಿಯುವ ಆ ತಿಂಗಳುಗಳಲ್ಲಿ ಹಾಡಲು ಆಗುವ ಹರವು ಕಿರಿದಾಗುತ್ತದೆ, ಕೆಲವರಿಗೆ ಐದಾರು ಸ್ವರ ಸಿಕ್ಕರೆ ಹೆಚ್ಚು. ಒಂದೇ ಕೋಣೆಯಲ್ಲಿ ಒಡೆಯದ ದನಿ, ಒಡೆಯುತ್ತಿರುವ ದನಿ, ಒಡೆದು ನಿಂತ ದನಿ ಮೂರೂ ಇರುತ್ತವೆ. ಶಿಕ್ಷಕರು ತಮ್ಮ ಗಂಟಲಿಗೆ ಹೊಂದುವ ಶ್ರುತಿ ಹಿಡಿದು ಎರಡು ಸ್ಥಾಯಿ ಓಡಾಡುವ ಹಾಡು ಎತ್ತಿಕೊಂಡರೆ ಅರ್ಧ ಹುಡುಗರು ಮೊದಲ ಸಾಲಿಗೇ ಬಾಯಿ ಮುಚ್ಚುತ್ತಾರೆ. ‘ನನಗೆ ಹಾಡಕ್ಕೆ ಬರಲ್ಲ’ ಎಂಬ ತೀರ್ಮಾನ ಹುಟ್ಟುವುದು ಅಲ್ಲೇ.

ಉಪಾಯ ಇದೆ. ಪ್ರತಿ ಹುಡುಗನೂ ಇಪ್ಪತ್ತರಿಂದ ಒಂದರವರೆಗೆ ಹಿಂದುಮುಂದಾಗಿ, ಮಾತಾಡುವ ದನಿಯಲ್ಲೇ, ಗಟ್ಟಿಯಾಗಿ ಎಣಿಸಲಿ. ಎಲ್ಲರೂ ಒಟ್ಟಿಗೆ ಎಣಿಸುತ್ತಿರುವಾಗ ನೀವು ಒಬ್ಬೊಬ್ಬರ ಹತ್ತಿರ ಹೋಗಿ ಕಿವಿಗೊಡಿ, ಒಬ್ಬನನ್ನೇ ಎದ್ದು ನಿಲ್ಲಿಸಬೇಡಿ. ಅವನ ಮಾತಿನ ದನಿ ನೆಲೆನಿಂತಿರುವ ಸ್ವರವನ್ನು ಹಾರ್ಮೋನಿಯಂನಲ್ಲಿ ಹುಡುಕಿ. ಅವನು ಹಾಡಬಲ್ಲ ತೀರ ಕೆಳಗಿನ ಸ್ವರ ಅದಕ್ಕಿಂತ ಮೂರು ನಾಲ್ಕು ಮನೆ (ಕಪ್ಪು, ಬಿಳಿ ಎರಡೂ ಸೇರಿ) ಕೆಳಗಿರುತ್ತದೆ, ಅಷ್ಟೇ. ಅದನ್ನು ತಾರೀಖಿನ ಸಮೇತ ಪುಸ್ತಕದಲ್ಲಿ ಬರೆದಿಟ್ಟು ಆರರಿಂದ ಎಂಟು ವಾರಕ್ಕೊಮ್ಮೆ ಮತ್ತೆ ನೋಡಿ. ಹಿಂದಿನ ಸಲದ ಸ್ವರ, ಈ ಸಲದ ಸ್ವರ ಎರಡನ್ನೂ ಹುಡುಗನಿಗೆ ತೋರಿಸಿ. ಎತ್ತರ ಅಳೆದಷ್ಟೇ ಕುತೂಹಲದಿಂದ ನೋಡುತ್ತಾನೆ. ಮೂರೂ ಬಗೆಯ ದನಿಗಳು ಒಂದೇ ಎತ್ತರದಲ್ಲಿ ಸೇರಬಲ್ಲ ಜಾಗ ಚಿಕ್ಕದು. ಹಾರ್ಮೋನಿಯಂನ ನಡುಸ್ಥಾಯಿಯ ‘ಬಿಳಿ ಒಂದು’ ಎಂಬ ಮನೆಯಿಂದ (ಪಾಶ್ಚಾತ್ಯರ ‘ಸಿ’ ಸ್ವರ) ಕೆಳಗೆ ಎರಡು ಸ್ವರ, ಮೇಲೆ ಮೂರು ಸ್ವರ, ಒಟ್ಟು ಆರು. ಮೊದಲ ಮೂರು ತಿಂಗಳ ಹಾಡುಗಳೆಲ್ಲ ಈ ಆರು ಸ್ವರದೊಳಗೇ ಇರಲಿ. ದನಿ ಪೂರ್ತಿ ಇಳಿದವರು ಬೇಕಾದರೆ ಕೆಳಗಿನ ಸ್ಥಾಯಿಯಲ್ಲಿ ಹಾಡಿಕೊಳ್ಳಲಿ.

ಶ್ರುತಿ ಸೇರದ ಹುಡುಗನಿಗೆ ಕಿವಿಯೇ ಇಲ್ಲ ಎನ್ನಬೇಡಿ. ಅನೇಕ ಸಲ ಅವನು ಸರಿಯಾದ ಸ್ವರವನ್ನೇ ಹಿಡಿಯಲು ಹೋಗಿ ಸ್ಥಾಯಿ ತಪ್ಪಿಸಿಕೊಂಡು ನಡುವೆಲ್ಲೋ ಸಿಕ್ಕಿಕೊಂಡಿರುತ್ತಾನೆ. ಗಂಡು ಮೇಷ್ಟ್ರು ತಮ್ಮ ದಪ್ಪ ದನಿಯಲ್ಲಿ ಹಾಡಿ ತೋರಿಸಿದರೆ ಒಡೆಯದ ದನಿಯ ಚಿಕ್ಕ ಹುಡುಗ ಅದೇ ಆಳಕ್ಕೆ ಇಳಿಯಲು ಹೋಗಿ ಗೊಗ್ಗರು ದನಿ ಮಾಡುತ್ತಾನೆ. ಅಂಥವನಿಗೆ ಅವನ ವಯಸ್ಸಿನ ಇನ್ನೊಬ್ಬ ಹುಡುಗನೇ ಹಾಡಿ ತೋರಿಸಲಿ, ಇಲ್ಲವೇ ಮೇಷ್ಟ್ರು ಕಳ್ಳದನಿಯಲ್ಲಿ, ಎಂದರೆ ತೆಳುವಾದ ಎತ್ತರದ ದನಿಯಲ್ಲಿ, ಹಾಡಲಿ. ಅವನನ್ನು ನಿಮ್ಮ ಶ್ರುತಿಗೆ ಎಳೆಯುವ ಮೊದಲು ನೀವೇ ಅವನ ಸ್ವರಕ್ಕೆ ಹೋಗಿ ಸೇರಿ, ಅಲ್ಲಿಂದ ಇಬ್ಬರೂ ಒಟ್ಟಿಗೆ ಜಾರಿಕೊಂಡು ಬೇಕಾದ ಸ್ವರಕ್ಕೆ ಬನ್ನಿ. ಒಂದು ಅಂಗೈ ಕಿವಿಯ ಹಿಂದೆ, ಇನ್ನೊಂದು ಬಾಯಿಯ ಮುಂದೆ ಬೊಗಸೆಯಂತೆ ಹಿಡಿದರೆ ಅವನ ದನಿ ಅವನಿಗೇ ಕೇಳುತ್ತದೆ.

ಹಾಡಿನ ಆಯ್ಕೆಯಲ್ಲಿ ಎರಡು ತಪ್ಪುಗಳು ಪದೇ ಪದೇ ಆಗುತ್ತವೆ. ಒಂದು, ‘ತಪ್ಪು ಮಾಡಿದೆವು, ಕ್ಷಮಿಸಿ’ ಎಂಬ ಧಾಟಿಯ ಉಪದೇಶದ ಹಾಡು. ಇಡೀ ದಿನ ಅದನ್ನೇ ಕೇಳಿ ಬಂದ ಹುಡುಗನ ಬಾಯಿಂದ ಅದನ್ನೇ ಹಾಡಿಸುವುದು ಕ್ರೌರ್ಯವೆಂದೇ ನಾವು ಹೇಳುತ್ತೇವೆ. ಎರಡು, ಅಮ್ಮನ ಹಾಡು, ಜೋಗುಳ. ಕೇಳುವ ದೊಡ್ಡವರ ಕಣ್ಣು ಒದ್ದೆಯಾಗುತ್ತದೆ, ಆದರೆ ಸಂಜೆ ಅದನ್ನು ಹಾಡಿ ಏಳು ಗಂಟೆಗೆ ಬಾಗಿಲು ಹಾಕಿಸಿಕೊಂಡು ಮಲಗಬೇಕಾದವನು ಆ ಹುಡುಗ. ಮೊದಲ ತಿಂಗಳುಗಳಲ್ಲಿ ಅಂಥದ್ದು ಬೇಡವೇ ಬೇಡ. ದುಡಿಮೆಯ ಪದ, ನಡಿಗೆಯ ಪದ, ಒಬ್ಬ ಹೇಳಿದ್ದಕ್ಕೆ ಎಲ್ಲರೂ ಸೊಲ್ಲು ಕೊಡುವ ಪದ ಆರಿಸಿಕೊಳ್ಳಿ. ಇಂಥ ಕಡೆ ಹುಡುಗರು ಬರುತ್ತಿರುತ್ತಾರೆ, ಹೋಗುತ್ತಿರುತ್ತಾರೆ. ಹೊಸಬನು ಬಂದ ದಿನವೇ ಪಲ್ಲವಿಗೆ ದನಿಗೂಡಿಸುವಂತಿರಬೇಕು, ಇಡೀ ಹಾಡು ಮೂರು ತರಗತಿಯಲ್ಲಿ ಬಾಯಿಗೆ ಬರಬೇಕು. ಸಾಹಿತ್ಯ ಬರೆದ ಹಾಳೆ ಹಂಚಬೇಡಿ. ಓದಲು ಬಾರದವನು ಆ ಕ್ಷಣವೇ ಬಯಲಾಗುತ್ತಾನೆ, ಅದನ್ನು ಮುಚ್ಚಿಕೊಳ್ಳಲು ಹಾಳೆಯನ್ನು ಹರಿಯುತ್ತಾನೆ, ಇಲ್ಲವೇ ಜಗಳ ತೆಗೆಯುತ್ತಾನೆ. ಕಿವಿಯಿಂದಲೇ ಕಲಿಸಿ. ಬಾಯಿಗೆ ಬಂದ ಮೇಲೆ ಅದೇ ಸಾಲನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ, ಆಗ ಅವನು ಅಕ್ಷರವನ್ನು ಗೊತ್ತಿರುವ ಮಾತಿನ ಮೂಲಕ ಗುರುತಿಸುತ್ತಾನೆ.

ಎಲ್ಲ ಗುಂಪಿನಲ್ಲೂ ಒಬ್ಬ ದಾದಾ ಇರುತ್ತಾನೆ. ಅವನನ್ನೇ ಮುಂದಾಳು ಮಾಡಿದರೆ ಕೋಣೆ ಶಾಂತವಾಗುತ್ತದೆ ಎಂಬುದು ಸುಲಭದ ಲೆಕ್ಕ. ರಾತ್ರಿ ಮಲಗುವ ಕೋಣೆಯಲ್ಲಿ ಅವನಿಗೆ ಆಗಲೇ ಇರುವ ಅಧಿಕಾರಕ್ಕೆ ನೀವು ಮೊಹರು ಒತ್ತಿದ ಹಾಗಾಯಿತು. ಅವನಿಗೆ ಆಧಾರ ಷಡ್ಜ ಕೊಡಿ. ಮೂರು ನಾಲ್ಕು ಜನ ಸೇರಿ ಒಂದೇ ಸ್ವರವನ್ನು ಹಾಡು ಮುಗಿಯುವವರೆಗೆ ಮುರಿಯದೆ ಹಿಡಿಯಬೇಕು, ಉಳಿದವರು ಅದರ ಮೇಲೆ ಹಾಡುತ್ತಾರೆ. ಉಸಿರು ಯಾರಿಗಾದರೂ ಮುಗಿಯಲೇಬೇಕಲ್ಲ, ಅದಕ್ಕೊಂದು ನಿಯಮ. ಪಕ್ಕದವನು ಉಸಿರು ತೆಗೆದುಕೊಳ್ಳುವಾಗ ನೀನು ತೆಗೆದುಕೊಳ್ಳಬೇಡ, ಬಿಟ್ಟ ಸ್ವರಕ್ಕೆ ಮರಳುವಾಗ ಮೆಲ್ಲಗೆ ಬಾ. ಇದನ್ನು ಪಾಲಿಸಲು ಅವನು ಪಕ್ಕದವನ ಎದೆ ಏಳುವುದನ್ನೇ ನೋಡುತ್ತಿರಬೇಕು. ನಿನ್ನೆ ಅವನು ಕತ್ತಿನ ಪಟ್ಟಿ ಹಿಡಿದಿದ್ದು ಅದೇ ಹುಡುಗನದ್ದಿರಬಹುದು. ಹಾಡಲು ಒಲ್ಲೆನೆನ್ನುವವನಿಗೂ ಕೆಲಸ ಇದೆ: ಎಣಿಕೆ, ಶ್ರುತಿ ಒತ್ತುವುದು, ಡೋಲು ಹೊತ್ತು ತರುವುದು. ಅವನನ್ನು ಹಾಡು ಹಾಡು ಎಂದು ಒತ್ತಾಯಿಸಬೇಡಿ, ಕೋಣೆಯಿಂದ ಹೊರಗೂ ಕಳಿಸಬೇಡಿ. ಒಬ್ಬಂಟಿಯಾಗಿ ಹಾಡುವ ಭಾಗವನ್ನು ಕಡಿಮೆಯೆಂದರೆ ಮೂವರಿಗೆ ಕಲಿಸಿ. ಒಬ್ಬನೇ ಮೇಷ್ಟ್ರ ಮುದ್ದಿನವನಾದರೆ ಅದರ ಬೆಲೆಯನ್ನು ಅವನು ರಾತ್ರಿ ತೆರುತ್ತಾನೆ. ಕಾರ್ಯಕ್ರಮದ ಹಿಂದಿನ ದಿನ ಅವನಿಗೆ ಬಿಡುಗಡೆಯಾದರಂತೂ ಇಡೀ ಹಾಡು ಕುಸಿಯುತ್ತದೆ.

ವಾದ್ಯಗಳ ಬಗ್ಗೆ ಅಧಿಕಾರಿಗಳಿಗಿರುವ ಆತಂಕ ಸುಳ್ಳಲ್ಲ, ಕೋಲು ಆಯುಧವಾಗಬಲ್ಲದು, ತಂತಿ ಇನ್ನೂ ಕೆಟ್ಟದ್ದಾಗಬಲ್ಲದು. ಅದಕ್ಕೆ ವಾದ್ಯವನ್ನೇ ನಿಷೇಧಿಸಬೇಕಿಲ್ಲ. ಒಂದು ಮರದ ಹಲಗೆಗೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಪ್ರತಿ ಕೋಲಿನ ಆಕಾರವನ್ನು ಕಪ್ಪಿನಲ್ಲಿ ಬರೆದು, ಮೊಳೆ ಹೊಡೆದು ತೂಗುಹಾಕಿ. ಹನ್ನೆರಡು ಕೋಲಿಗೆ ಹನ್ನೆರಡು ನೆರಳು. ಒಂದು ಕಮ್ಮಿಯಾದರೆ ಬಾಗಿಲಿನಿಂದಲೇ ಕಾಣುತ್ತದೆ. ಎಣಿಸುವ ಪಾಳಿ ಹುಡುಗರದ್ದೇ, ಹನ್ನೆರಡೂ ನೆರಳು ತುಂಬದೆ ಯಾರೂ ಏಳುವಂತಿಲ್ಲ. ಬದಲಿ ತಂತಿಗಳು ಬೀಗದೊಳಗೆ ಇರಲಿ, ಕತ್ತರಿಸಿದ ತುಂಡುಗಳನ್ನು ಶಿಕ್ಷಕರೇ ಹೊರಗೆ ಒಯ್ಯಲಿ. ಊದುವ ವಾದ್ಯವಿದ್ದರೆ ಬಾಯಿಗಿಡುವ ಭಾಗ ಒಬ್ಬೊಬ್ಬನಿಗೂ ಬೇರೆ ಬೇರೆ ಇರಬೇಕು, ವಾರಕ್ಕೊಮ್ಮೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆಯಬೇಕು. ಹತ್ತು ಡೋಲು ಬೇಕಾದಲ್ಲಿ ಹನ್ನೆರಡು ತನ್ನಿ, ಎರಡು ಒಡೆಯುತ್ತವೆ. ಒಡೆದದ್ದನ್ನು ಅಪರಾಧವೆಂದು ಬರೆಯದೆ ಒಡೆದ ಹುಡುಗನ ಜೊತೆ ಕೂತು ಚರ್ಮ ಬಿಗಿಯಿರಿ.

ಜಾಝ್ ಸಂಗೀತದ ಹೆಸರಾಂತ ತುತ್ತೂರಿವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರು ಈ ವಿಷಯ ಬಂದಾಗಲೆಲ್ಲ ಬರುತ್ತದೆ, ಬರಬೇಕಾದದ್ದೇ. 1912ರ ಕೊನೆಯ ರಾತ್ರಿ, ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಬೀದಿಯಲ್ಲಿ ಹೊಸ ವರ್ಷದ ಸಂಭ್ರಮದ ನಡುವೆ ಪಿಸ್ತೂಲು ಹಾರಿಸಿದ್ದಕ್ಕೆ ಪೊಲೀಸರು ಅವನನ್ನು ಹಿಡಿದರು. ವಯಸ್ಸು 11. ಮರುದಿನವೇ ಕಪ್ಪು ಹುಡುಗರಿಗೆಂದಿದ್ದ ‘ಕಲರ್ಡ್ ವೇಫ್ಸ್ ಹೋಂ’ಗೆ ಕಳಿಸಲಾಯಿತು. ಮಾಜಿ ಸೈನಿಕ ಜೋಸೆಫ್ ಜೋನ್ಸ್ ಅದನ್ನು ಸೇನೆಯ ಶಿಸ್ತಿನಲ್ಲಿ ನಡೆಸುತ್ತಿದ್ದರು. ಅಲ್ಲಿನ ಸಂಗೀತದ ಮೇಷ್ಟ್ರು ಪೀಟರ್ ಡೇವಿಸ್. ಹುಡುಗ ಬಂದ ಕೇರಿಯ ಕೆಟ್ಟ ಹೆಸರಿನಿಂದಾಗಿ ಡೇವಿಸ್ ಮೊದಮೊದಲು ಅವನನ್ನು ಹತ್ತಿರ ಸೇರಿಸಲಿಲ್ಲ ಎಂಬುದನ್ನು ಕಥೆ ಹೇಳುವವರು ಮರೆಯುತ್ತಾರೆ. ಡೇವಿಸ್ ಅವನ ಕೈಗೆ ಕೊಟ್ಟ ವಾದ್ಯಗಳ ಸರದಿಯನ್ನೂ ಮರೆಯುತ್ತಾರೆ. ಮೊದಲು ಟ್ಯಾಂಬರೀನ್, ಆಮೇಲೆ ಡ್ರಮ್, ಆಮೇಲೆ ಊದುವ ಲೋಹದ ವಾದ್ಯಗಳಾದ ಆಲ್ಟೊ ಹಾರ್ನ್, ಬ್ಯೂಗಲ್, ಕೊನೆಗೆ ಗುಂಡಿಗಳಿರುವ ಚಿಕ್ಕ ತುತ್ತೂರಿ ಕಾರ್ನೆಟ್. ಕಲಿಸುವವರ ಕಣ್ಣಿನಿಂದ ಇದನ್ನು ನೋಡಿ. ಟ್ಯಾಂಬರೀನ್, ಡ್ರಮ್‌ಗಳಲ್ಲಿ ಲಯ ಕೈಗೆ ಕೂರುತ್ತದೆ. ಬ್ಯಾಂಡಿನಲ್ಲಿ ಆಲ್ಟೊ ಹಾರ್ನ್ ಸಾಮಾನ್ಯವಾಗಿ ಮುಖ್ಯ ಧಾಟಿ ನುಡಿಸುವುದಿಲ್ಲ, ಪೆಟ್ಟು ಪೆಟ್ಟುಗಳ ನಡುವೆ ಒಳಸ್ವರ ತುಂಬುತ್ತದೆ, ಹಾಗಾಗಿ ಸುತ್ತಲಿನವರನ್ನು ಕೇಳದೆ ಅದನ್ನು ನುಡಿಸಲಾಗದು. ಬ್ಯೂಗಲ್‌ಗೆ ಒತ್ತುವ ಗುಂಡಿಗಳಿಲ್ಲ, ಸ್ವರವೆಲ್ಲ ತುಟಿಯ ಬಿಗಿಯಿಂದಲೇ ಬರಬೇಕು. ಕಾರ್ನೆಟ್ ಕೈಗೆ ಬರುವ ಹೊತ್ತಿಗೆ ಲಯ, ಕಿವಿ, ತುಟಿ ಮೂರೂ ಸಿದ್ಧ, ಬೆರಳು ಮಾತ್ರ ಬಾಕಿ. ಹಸಿರು ಕಟ್ಟಿದ್ದ ಆ ಬ್ಯೂಗಲ್ಲನ್ನು ಅವನೇ ಪಾಲಿಶ್ ಹಾಕಿ ಉಜ್ಜಿ ಹೊಳೆಯುವಂತೆ ಮಾಡಿದ್ದ. ಮುಂದೆ ಬ್ಯಾಂಡಿನ ಮುಂದಾಳೂ ಆದ.

1914ರ ಜೂನ್‌ನಲ್ಲಿ ಹೊರಬಂದ ಮೇಲೆ ಅವನು ಕಲ್ಲಿದ್ದಲು ಗಾಡಿ ಹೊಡೆದ. ಕಾರ್ನೆಟ್ ವಾದಕ ಜೋ ಆಲಿವರ್ ಹೊರಗೆ ಅವನ ಕೈಹಿಡಿದರು. ಒಳಗಿನ ಮೇಷ್ಟ್ರಷ್ಟೇ ಹೊರಗಿನ ಒಬ್ಬರೂ ಮುಖ್ಯ ಎಂಬುದು ಇಲ್ಲಿ ಕಾಣುತ್ತದೆ. ಬಿಡುಗಡೆಗೆ ಒಂದು ತಿಂಗಳ ಮೊದಲೇ ಹುಡುಗನ ಊರಿನಲ್ಲಿರುವ ಯಾವುದಾದರೂ ಹಾಡುವ ಗುಂಪು, ಬ್ಯಾಂಡು, ತಾಳವಾದ್ಯದವರನ್ನು ಹುಡುಕಿ, ಯಾವ ದಿನ, ಎಷ್ಟು ಹೊತ್ತಿಗೆ, ಯಾರನ್ನು ನೋಡಬೇಕು ಎಂಬುದನ್ನು ಬರೆದು ಕೊಡಬೇಕು. ‘ಹಾಡೋದು ಬಿಡಬೇಡಪ್ಪ’ ಎಂದು ಬೆನ್ನು ತಟ್ಟಿ ಕಳಿಸಿದರೆ ಅದು ಗೇಟಿನ ಹೊರಗೆ ಹತ್ತು ಹೆಜ್ಜೆಯೂ ಬಾಳುವುದಿಲ್ಲ.

ಯಾರನ್ನು ಹೊರಗಿಡುತ್ತೇವೆ ಎಂಬುದನ್ನೂ ನೋಡಬೇಕು. ಮುಂದೆ ಜಾಝ್ ಗಾಯಕಿಯಾಗಿ ಹೆಸರಾದ, ಕಪ್ಪು ಜನಾಂಗದ ಎಲಾ ಫಿಟ್ಜೆರಾಲ್ಡ್ 1930ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್‌ನ ಬಾಲಕಿಯರ ಸುಧಾರಣಾ ಶಾಲೆಯಲ್ಲಿದ್ದಾಗ ಅಲ್ಲಿನ ಗಾಯನವೃಂದದಲ್ಲಿ ಬಿಳಿಯ ಹುಡುಗಿಯರಿಗೆ ಮಾತ್ರ ಜಾಗವಿತ್ತು. ‘ಶಿಸ್ತಿನ ಹುಡುಗರಿಗೆ ಮಾತ್ರ’ ಎಂಬ ನಿಯಮವೂ ಬಾಗಿಲು ಮುಚ್ಚುವುದರಲ್ಲಿ ಕಮ್ಮಿಯೇನಲ್ಲ.

ಇಲ್ಲಿಗೆ ನಮ್ಮ ಮುಖ್ಯ ದೂರು. ಸೋಮವಾರ ಊಟದ ಹಾಲ್‌ನಲ್ಲಿ ಹೊಡೆದಾಟ ಆಗುತ್ತದೆ, ಬುಧವಾರದ ಸಂಗೀತ ರದ್ದು. ಹೊಡೆದಾಡಿದವರು ಇಬ್ಬರು, ಗಂಟೆ ಕಳೆದುಕೊಂಡವರು ಹದಿನಾಲ್ಕು. ಆಗ ಉಳಿದ ಹನ್ನೆರಡು ಜನ ಆ ಇಬ್ಬರಿಗೆ ತಾವೇ ಶಿಕ್ಷೆ ಕೊಡುತ್ತಾರೆ, ಕತ್ತಲಲ್ಲಿ. ಇನ್ನೊಂದು ಬಗೆ, ಹೊಡೆದಾಡಿದವರನ್ನು ಮಾತ್ರ ತರಗತಿಯಿಂದ ತೆಗೆಯುವುದು. ಲಯ ಹಿಡಿದು ಕೂರುವ ಅಭ್ಯಾಸ ಯಾರಿಗೆ ತೀರ ಬೇಕಾಗಿದೆಯೋ ಅವರನ್ನೇ ಅದರಿಂದ ದೂರವಿಟ್ಟಂತೆ. ವಿಶ್ವಸಂಸ್ಥೆ 1990ರ ಡಿಸೆಂಬರ್‌ನಲ್ಲಿ ಒಪ್ಪಿದ, ಸ್ವಾತಂತ್ರ್ಯ ಕಳೆದುಕೊಂಡ ಬಾಲಕರ ರಕ್ಷಣೆಯ ನಿಯಮಗಳಲ್ಲಿ ದಿನನಿತ್ಯದ ವ್ಯಾಯಾಮದ ಜೊತೆಗೆ ಬಿಡುವಿನ ಹೊತ್ತೂ ಇರಬೇಕು, ಬಾಲಕ ಬಯಸಿದರೆ ಅದರ ಒಂದು ಭಾಗ ಕಲೆ, ಕರಕುಶಲಕ್ಕೆ ಮೀಸಲಿರಬೇಕು ಎಂದಿದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಕಲೆ, ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವುದನ್ನು ಮಗುವಿನ ಹಕ್ಕೆಂದೇ ಕರೆದಿದೆ. ಅಪಾಯ ನಿಜವಾಗಿ ಇದ್ದ ದಿನ ಆ ಇಬ್ಬರನ್ನು ಬೇರೆ ಬೇರೆ ತಂಡಕ್ಕೆ ಹಾಕಿ, ಇಲ್ಲವೇ ಒಬ್ಬೊಬ್ಬರಿಗೂ ಹದಿನೈದು ನಿಮಿಷ ಬೇರೆಯಾಗಿ ಕಲಿಸಿ. ರಿಜಿಸ್ಟರಿನಲ್ಲಿ ‘ಸಂಗೀತ: ರದ್ದು’ ಎಂದು ಬರೆಯುವವರು ಕಾರಣವನ್ನೂ ಬರೆದು ಸಹಿ ಹಾಕಬೇಕೆಂಬ ಪದ್ಧತಿ ತಂದರೆ ರದ್ದತಿಗಳು ತಾವಾಗಿಯೇ ಕಮ್ಮಿಯಾಗುತ್ತವೆ.

ಶಿಕ್ಷಕರಿಂದಲೂ ತಪ್ಪಾಗುತ್ತದೆ. ಉತ್ಸಾಹದಿಂದ ಬಂದು, ಮೂರು ತಿಂಗಳಿಗೆ ಬೇರೆ ಕೆಲಸ ಸಿಕ್ಕಿತೆಂದು ಹೇಳದೆ ಹೋಗಿಬಿಡುವವರಿದ್ದಾರೆ. ದೊಡ್ಡವರು ಹೇಳದೆ ಹೋಗುವುದನ್ನು ಈ ಹುಡುಗರು ಬೇಕಾದಷ್ಟು ಕಂಡಿದ್ದಾರೆ. ಒಂದು ವರ್ಷ ಇರಲಾಗದವರು ಈ ಕೆಲಸ ಒಪ್ಪಿಕೊಳ್ಳಬಾರದು. ಹೋಗಲೇಬೇಕಾದರೆ ನಾಲ್ಕು ವಾರ ಮೊದಲೇ ಹುಡುಗರಿಗೆ ತಿಳಿಸಿ, ಹೊಸಬರ ಜೊತೆ ಎರಡು ತರಗತಿಯಾದರೂ ಒಟ್ಟಿಗೆ ಮಾಡಬೇಕು.

ಕೊನೆಯದಾಗಿ ಪ್ರದರ್ಶನ, ಇದು ನಿಮ್ಮ ಪತ್ರಿಕೆಗೂ ಸಂಬಂಧಪಟ್ಟದ್ದು. ಅತಿಥಿಗಳು ಬರುತ್ತಾರೆಂದು ಎರಡನೆಯ ತಿಂಗಳಲ್ಲೇ ಹುಡುಗರನ್ನು ವೇದಿಕೆಗೆ ಹತ್ತಿಸುವುದು ಬೇಡ. ನಾಲ್ಕು ತಿಂಗಳಾದ ಮೇಲೆ, ಮೂರು ಹಾಡು, ಹೆಚ್ಚೆಂದರೆ ಹನ್ನೆರಡು ನಿಮಿಷ, ಮೊದಲ ಸಲ ಉಳಿದ ಹುಡುಗರಿಗೆ ಮತ್ತು ಅಡುಗೆಯವರಿಗೆ ಮಾತ್ರ. ಮನೆಯವರನ್ನು ಕರೆದ ದಿನ ಯಾರ ಮನೆಯಿಂದ ಯಾರೂ ಬರುವುದಿಲ್ಲ ಎಂದು ಮೊದಲೇ ತಿಳಿದುಕೊಂಡು, ಆ ಹುಡುಗನ ಕಣ್ಣಿಗೆ ಬೀಳುವ ಕಡೆ ಅವನಿಗೆ ಬೇಕಾದ ಸಿಬ್ಬಂದಿಯೊಬ್ಬರು ಕೂರಬೇಕು. ಪತ್ರಿಕೆಯವರು ಬಂದರೆ ಹೆಸರು, ಮುಖ, ಊರು, ಪ್ರಕರಣ ಯಾವುದನ್ನೂ ಅಚ್ಚುಮಾಡಬಾರದು, ಮಸುಕುಮಾಡಿದ ಮುಖವನ್ನೂ ಪರಿಚಯದವರು ಅಂಗಿಯಿಂದ, ನಿಲುವಿನಿಂದ ಗುರುತು ಹಿಡಿಯುತ್ತಾರೆ. ಮಕ್ಕಳ ಹಕ್ಕುಗಳ ಒಡಂಬಡಿಕೆಯ 40ನೆಯ ವಿಧಿ ವಿಚಾರಣೆಯ ಎಲ್ಲ ಹಂತಗಳಲ್ಲೂ ಮಗುವಿನ ಖಾಸಗಿತನವನ್ನು ಕಾಪಾಡಬೇಕೆನ್ನುತ್ತದೆ. ಹುಡುಗ ಹತ್ತು ವರ್ಷದ ಮೇಲೆ ಕೆಲಸ ಕೇಳಿಕೊಂಡು ಹೋದಾಗ ಆ ಫೋಟೊ ಯಾರದೋ ಮೊಬೈಲಿನಲ್ಲಿ ಇನ್ನೂ ಇರುತ್ತದೆ. ಸುದ್ದಿಗೆ ಫೋಟೊ ಬೇಕೇ ಬೇಕೆಂದಿದ್ದರೆ ಕೋಲುಗಳ ಹಲಗೆಯದ್ದು ತೆಗೆಯಿರಿ, ತರಗತಿ ಮುಗಿದ ಮೇಲೆ, ಹನ್ನೆರಡೂ ನೆರಳು ತುಂಬಿದಾಗ.

ಇತಿ,
ಸುಧಾರಣಾ ಶಾಲೆಗಳಲ್ಲಿ ಸಂಗೀತ ಕಲಿಸುವ ಶಿಕ್ಷಕರು